ನಾಲ್ಕು ಖೋಟಾ ರೂಪಾಯಿ ಹಿಡಿಯುವ ಬಸವನಹುಳು

ಕರ್ನಾಟಕ ಸರ್ಕಾರದ 2025–26ನೇ ಸಾಲಿನ ಬಜೆಟ್ ಗಾತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿ. ಅಷ್ಟನ್ನೂ ಒಂದೊಂದು ರೂಪಾಯಿಯ ನಾಣ್ಯ ಮಾಡಿಸಿ ರಾಶಿ ಹಾಕಿ. ನಾಣ್ಯಕ್ಕೆ 3 ಗ್ರಾಂ ಎಂದು ಹಿಡಿದರೂ ರಾಶಿಯ ತೂಕ 1 ಕೋಟಿ 22 ಲಕ್ಷ ಟನ್! ಈಗ ಅದರೊಳಗೆ ನಾಲ್ಕೇ ನಾಲ್ಕು ಖೋಟಾ ನಾಣ್ಯ ಸೇರಿಸಿ ಚೆನ್ನಾಗಿ ಕಲಸಿ. ಎಂಥ ಲೆಕ್ಕಪರಿಶೋಧಕನೂ ಕೈಮುಗಿದು ಮನೆಗೆ ಹೊರಟುಬಿಡುತ್ತಾನೆ. ಆದರೆ ಇಂಗ್ಲೆಂಡಿನ ಪ್ಲಿಮತ್ ಕಡಲಂಚಿನ ಬಂಡೆಗಳಿಗೆ ಕಚ್ಚಿಕೊಂಡಿರುವ, 3 ಸೆಂಟಿಮೀಟರ್ ಆಸುಪಾಸಿನ ಒಂದು ಬಸವನಹುಳು ಹೊರಡುವುದಿಲ್ಲ. ಅದು ಆ ನಾಲ್ಕನ್ನೂ ಪತ್ತೆಹಚ್ಚುತ್ತದೆ. ಪತ್ತೆಹಚ್ಚಿದ್ದಕ್ಕೆ ಸಾಕ್ಷಿಯಾಗಿ ಹೆಣ್ಣುಹುಳುವಿನ ಮೈಮೇಲೆ ಗಂಡಿನ ಶಿಶ್ನ ಮೊಳೆಯುತ್ತದೆ.

ತಮಾಷೆಯಲ್ಲ. ಹುಳುವಿನ ಹೆಸರು ಡಾಗ್‌ವೆಲ್ಕ್. ಅದು ಹಿಡಿಯುವ ಖೋಟಾ ಮಾಲು ಟ್ರೈಬ್ಯೂಟೈಲ್‌ಟಿನ್, ಚುಟುಕಾಗಿ ಟಿಬಿಟಿ. ಹಡಗಿನ ತಳಕ್ಕೆ ಬಳಿಯುವ ಬಣ್ಣಕ್ಕೆ 1960ರ ದಶಕದಿಂದ ಬೆರೆಸುತ್ತಿದ್ದ, ತವರದಿಂದಾದ ವಿಷ ಅದು. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1 ನ್ಯಾನೋಗ್ರಾಂ ಟಿಬಿಟಿ ಇದ್ದರೆ ಸಾಕು, ಹೆಣ್ಣು ಡಾಗ್‌ವೆಲ್ಕ್ ಗಂಡಾಗತೊಡಗುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಲೀಟರ್ ನೀರಿನ ತೂಕಕ್ಕೆ ಹೋಲಿಸಿದರೆ ಒಂದು ಲಕ್ಷ ಕೋಟಿಯಲ್ಲಿ ಒಂದು.

ಲಕ್ಷ ಕೋಟಿ ಎಂಬುದು ಟಿವಿ ಸುದ್ದಿಯಲ್ಲಿ ದಿನವೂ ಕೇಳಿ ಕೇಳಿ ಸವೆದುಹೋಗಿರುವ ಸಂಖ್ಯೆ. ಅದಕ್ಕೆ ಮರ್ಯಾದೆ ವಾಪಸು ಕೊಡೋಣ. ಒಂದು ಮಿಲಿಮೀಟರ್ ಗಾತ್ರದ ಸಾಸಿವೆ ಕಾಳುಗಳನ್ನು ಒಂದರ ಪಕ್ಕ ಒಂದರಂತೆ ಲಕ್ಷ ಕೋಟಿ ಜೋಡಿಸಿದರೆ ಸಾಲಿನ ಉದ್ದ 10 ಲಕ್ಷ ಕಿಲೋಮೀಟರ್. ಭೂಮಿಯನ್ನು ಸಮಭಾಜಕದ ಗುಂಟ 25 ಸುತ್ತು ಬರುತ್ತದೆ. ಆ 25 ಸುತ್ತಿನಲ್ಲಿ ಎಲ್ಲೋ ಒಂದು ಕಾಳು ಬೇರೆ ಬಣ್ಣದ್ದು. ಕಾಲದಲ್ಲಿ ಅಳೆಯುತ್ತೀರಾ? ಲಕ್ಷ ಕೋಟಿ ಸೆಕೆಂಡು ಉರುಳಲು 31 ಸಾವಿರದ 700 ವರ್ಷ ಬೇಕು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸೆಕೆಂಡು ಯಾರೋ ಸೀನಿದರು. ನಮ್ಮ ಹುಳುವಿಗೆ ಅದು ಕೇಳಿಸಿತು.

ಕಾವೇರಿ ಪಾತ್ರದವರಿಗೆ ಟಿಎಂಸಿ ಲೆಕ್ಕವೇ ಸಲೀಸು. ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರ್. ಅಷ್ಟು ನೀರನ್ನು ಲೀಟರಿಗೆ 1 ನ್ಯಾನೋಗ್ರಾಂ ಮಟ್ಟಕ್ಕೆ ಕೆಡಿಸಲು ಬೇಕಾಗುವ ಟಿಬಿಟಿ 28 ಗ್ರಾಂ ಚಿಲ್ಲರೆ. ಕೃಷ್ಣರಾಜಸಾಗರ ಕಂಠಮಟ್ಟ ತುಂಬಿದಾಗ 49.45 ಟಿಎಂಸಿ. ಅದಕ್ಕೆಷ್ಟು ಬೇಕು? 1 ಕಿಲೋ 400 ಗ್ರಾಂ. ಇಡೀ ಜಲಾಶಯಕ್ಕೆ! ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ಅಷ್ಟು ತೆಳುವಾದ ವಿಷದಲ್ಲಿ ವಿಷವೇ ಉಳಿದಿರಲಾರದು ಎಂದು ನಿಮಗನ್ನಿಸಿದರೆ ಈ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು. ಒಂದು ನ್ಯಾನೋಗ್ರಾಂ ಟಿಬಿಟಿಯಲ್ಲಿರುವ ಅಣುಗಳ ಸಂಖ್ಯೆ ಸುಮಾರು 2 ಲಕ್ಷ ಕೋಟಿ. ಅಂದರೆ ಆ ಒಂದು ಲೀಟರಿನಿಂದ ಬರೀ 5 ಮಿಲಿಲೀಟರ್, ಔಷಧದ ಚಮಚದಷ್ಟು ನೀರೆತ್ತಿದರೂ ಅದರಲ್ಲಿ ಸಾವಿರ ಕೋಟಿ ಅಣುಗಳಿರುತ್ತವೆ. ಭೂಮಿಯ ಮೇಲಿರುವ ಮನುಷ್ಯರು 800 ಕೋಟಿ ಚಿಲ್ಲರೆ. ಚಮಚದೊಳಗಿನ ಜನಸಂಖ್ಯೆಯೇ ಹೆಚ್ಚು. ನಮಗೆ ಶೂನ್ಯದಂತೆ ಕಾಣುವುದು ಹುಳುವಿನ ಪಾಲಿಗೆ ಜಾತ್ರೆ.

ಈ ಹುಳುವಿನ ಬದುಕೇ ಒಂದು ಅಳತೆಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಹುತೇಕ ಕಡಲಜೀವಿಗಳ ಮರಿಗಳು ನೀರಿನಲ್ಲಿ ತೇಲುತ್ತ ಊರೂರು ಸುತ್ತುತ್ತವೆ. ಡಾಗ್‌ವೆಲ್ಕ್‌ನದು ಆ ಜಾಯಮಾನವಲ್ಲ. ಬಂಡೆಗೆ ಅಂಟಿಸಿದ ಒಂದೊಂದು ಪುಟ್ಟ ಕೋಶದಲ್ಲಿ ಸುಮಾರು 600 ಮೊಟ್ಟೆಗಳು. ನೂರಕ್ಕೆ 94 ಮೊಟ್ಟೆಗಳು ಹುಟ್ಟುವುದಕ್ಕಲ್ಲ, ಉಳಿದ ಮರಿಗಳಿಗೆ ಬುತ್ತಿ! ತಿಂದುಂಡು ಹೊರಬೀಳುವ ಮೂವತ್ತರ ಆಸುಪಾಸಿನ ಮರಿಗಳು ಅಲ್ಲೇ ತೆವಳುತ್ತವೆ, ಅಲ್ಲೇ ಬೆಳೆಯುತ್ತವೆ, ಹತ್ತಾರು ಮೀಟರ್ ದೂರ ಹೋದರೆ ಅದೇ ಅವುಗಳ ಕಾಶೀಯಾತ್ರೆ. ಆಯಸ್ಸು 5 ವರ್ಷಕ್ಕೂ ಮಿಕ್ಕಿದ್ದು. ಐದೇ ಎಂದು ಹಿಡಿದರೂ 43,800 ಗಂಟೆ ಅದು ಆ ಒಂದೇ ನೀರನ್ನು ಸೋಸಿ ನೋಡುತ್ತ ಕೂತಿರುತ್ತದೆ. ಬ್ಯಾಟರಿ ಇಲ್ಲ, ರಜೆ ಇಲ್ಲ, ಟೆಂಡರ್ ಕರೆಯಬೇಕಿಲ್ಲ. ಪ್ರಯೋಗಾಲಯದವರು ದೋಣಿಯಲ್ಲಿ ಬಂದು ಬಾಟಲಿಗೆ ತುಂಬಿಸಿಕೊಂಡು ಹೋಗುವ ಒಂದು ಲೀಟರ್ ನೀರು ಆ ಒಂದು ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ಇದರ ಮೈಯಲ್ಲಿ ವರ್ಷಗಳ ಕಥೆ ಬರೆದಿರುತ್ತದೆ. ಒಮ್ಮೆ ಮೂಡಿದ ಶಿಶ್ನ ಮತ್ತೆ ಮಾಯವಾಗುವುದಿಲ್ಲವಾದ್ದರಿಂದ ಬರಹವನ್ನು ಅಳಿಸಿ ತಿದ್ದುವ ಅವಕಾಶವೂ ಇಲ್ಲ. ಯಾವ ದಫ್ತರಿಗೂ ಇಂಥ ಪ್ರಾಮಾಣಿಕತೆ ದಕ್ಕಿಲ್ಲ.

ಇದನ್ನು ಮೊದಲು ಬರೆದಿಟ್ಟವರು ಸ್ಟೀಫನ್ ಬ್ಲೇಬರ್. 1970ರಲ್ಲಿ, ಪ್ಲಿಮತ್‌ನ ಡಾಗ್‌ವೆಲ್ಕ್ ಹೆಣ್ಣುಗಳ ಬಲ ಸ್ಪರ್ಶಾಂಗದ ಹಿಂದೆ ಶಿಶ್ನದಂಥ ಚಿಗುರು ಇದೆ ಎಂದರು. ಮರುವರ್ಷವೇ ಅಮೆರಿಕದಲ್ಲಿ ಬಿ. ಎಸ್. ಸ್ಮಿತ್ ಇನ್ನೊಂದು ಜಾತಿಯ ಕೆಸರುಹುಳುವಿನಲ್ಲಿ ಇದನ್ನೇ ಕಂಡು ‘ಇಂಪೋಸೆಕ್ಸ್’ ಎಂದು ಹೆಸರಿಟ್ಟರು. ಹತ್ತು ವರ್ಷದ ಮೇಲೆ, 1981ರಲ್ಲಿ, ದೋಣಿಗಳ ತಂಗುದಾಣ ಹತ್ತಿರವಾದಷ್ಟೂ ಈ ರೋಗ ಜೋರು, ಕಾರಣ ಟಿಬಿಟಿ ಬಣ್ಣ ಎಂದು ತೋರಿಸಿದವರೂ ಅವರೇ. 1986ರಲ್ಲಿ ಪ್ಲಿಮತ್‌ನ ಕಡಲಜೀವ ಸಂಸ್ಥೆಯ ಜೆಫ್ರಿ ಬ್ರಯಾನ್, ಪೀಟರ್ ಗಿಬ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ನೈಋತ್ಯ ಕರಾವಳಿಯ ಬಂಡೆಗಳನ್ನು ಜಾಲಾಡಿ, ಡಾಗ್‌ವೆಲ್ಕ್ ಸಂತತಿ ಕುಸಿಯುತ್ತಿರುವುದನ್ನು ಇದೇ ಬಣ್ಣಕ್ಕೆ ತಳುಕು ಹಾಕಿದರು.

ಅಳೆಯುವ ವಿಧಾನದಲ್ಲೂ ಒಂದು ಮಜಾ ಇದೆ. ಹೆಣ್ಣುಗಳ ಶಿಶ್ನದ ಸರಾಸರಿ ಉದ್ದದ ಘನವನ್ನು ಗಂಡುಗಳ ಶಿಶ್ನದ ಸರಾಸರಿ ಉದ್ದದ ಘನದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಬಂದದ್ದು ಆ ಬಂದರಿನ ಅಂಕ. ಹೆಣ್ಣಿನದು ಗಂಡಿನದರ ಅರ್ಧ ಉದ್ದವಿದ್ದರೆ ಅಂಕ ಐವತ್ತಲ್ಲ, ಹನ್ನೆರಡೂವರೆ. ಕಾಲು ಭಾಗ ಉದ್ದವಿದ್ದರೆ ಒಂದೂವರೆ. ನೂರಕ್ಕೆ ಎಷ್ಟು ಹತ್ತಿರವೋ ಬಂದರು ಅಷ್ಟು ಹೊಲಸು. ಇನ್ನೊಂದು ಪಟ್ಟಿಯಲ್ಲಿ ಸೊನ್ನೆಯಿಂದ 6ರವರೆಗೆ ಹಂತಗಳಿವೆ. ಐದನೇ ಹಂತಕ್ಕೆ ಹೊಸ ವೀರ್ಯನಾಳ ಬೆಳೆದು ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಆರನೇ ಹಂತದಲ್ಲಿ ಮೊಟ್ಟೆಕೋಶಗಳು ಒಳಗೇ ಪೇರಿಕೊಳ್ಳುತ್ತವೆ, ಹೆಣ್ಣು ಸಾಯುತ್ತದೆ. ಇದಕ್ಕೆಲ್ಲ ನೀರಿನಲ್ಲಿ ಬೇಕಾದದ್ದು ಲೀಟರಿಗೆ ಬೆರಳೆಣಿಕೆಯ ನ್ಯಾನೋಗ್ರಾಂ. ತೇಲಿಬರುವ ಮರಿಗಳಿಲ್ಲದ ಜಾತಿಯಾದ್ದರಿಂದ ಖಾಲಿಯಾದ ಬಂಡೆಗೆ ಹೊರಗಿನಿಂದ ಬಂದು ಸೇರುವವರೂ ಇಲ್ಲ. ಕೆಂಟ್ ತೀರದ ಡಂಪ್ಟನ್ ಗ್ಯಾಪ್ ಎಂಬಲ್ಲಿ ಮಾತ್ರ ಹುಟ್ಟಿನಿಂದಲೇ ಶಿಶ್ನ ಸಣ್ಣದಿರುವ, ಕೆಲವೊಮ್ಮೆ ಇಲ್ಲವೇ ಇಲ್ಲದ ಗಂಡುಗಳ ಒಂದು ವಂಶವಿತ್ತು. ಅದೇ ಕೊರತೆ ಹೆಣ್ಣುಗಳಲ್ಲೂ ಇದ್ದದ್ದರಿಂದ ಅವು ಗಂಡಾಗುವ ಗಂಡಾಂತರದಿಂದ ಪಾರಾದವು! ದೋಷವೇ ದೇವರಾದ ಪ್ರಸಂಗ.

ಇಷ್ಟು ಭಯಂಕರ ವಸ್ತುವನ್ನು ಹಡಗಿಗೆ ಬಳಿದದ್ದಾದರೂ ಏಕೆ? ಇಲ್ಲಿಂದ ಅಂಕಿಗಳು ಹಿಗ್ಗತೊಡಗುತ್ತವೆ. ಏನೂ ಬಳಿಯದ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ, ಹುಳುಗಳು ಬಂದು ಮೆತ್ತಿಕೊಳ್ಳುತ್ತವೆ. ಆರು ತಿಂಗಳೊಳಗೆ ಚದರ ಮೀಟರಿಗೆ 150 ಕಿಲೋ ಮೆತ್ತಿಕೊಳ್ಳಬಹುದು ಎನ್ನುತ್ತದೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ. ಭಾರೀ ತೈಲ ಹಡಗೊಂದರ ನೀರೊಳಗಿನ ಮೈ 40 ಸಾವಿರ ಚದರ ಮೀಟರ್. ಗುಣಿಸಿ: 6 ಸಾವಿರ ಟನ್. ಆನೆಗೆ 4 ಟನ್ ಎಂದಿಟ್ಟುಕೊಂಡರೆ ಒಂದೂವರೆ ಸಾವಿರ ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಒಟ್ಟು ಆನೆಗಳು 6,395. ಅಂದರೆ ನಮ್ಮ ರಾಜ್ಯದ ಪ್ರತಿ ನಾಲ್ಕು ಆನೆಗಳಲ್ಲಿ ಹೆಚ್ಚುಕಡಿಮೆ ಒಂದನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಹಡಗು ಸಾಗರ ದಾಟಬೇಕು. ಟಿಬಿಟಿ ಬಳಿದರೆ ಒಂದು ಆನೆಯೂ ಹತ್ತುವುದಿಲ್ಲ. ಹಡಗಿನ ಮಾಲೀಕರು ಕುಣಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ಜಗತ್ತಿನ ಹಡಗುಗಳಲ್ಲಿ ನೂರಕ್ಕೆ 70ರಷ್ಟು ಈ ಬಣ್ಣ ಬಳಿದುಕೊಂಡೇ ತಿರುಗುತ್ತಿದ್ದವು ಎಂಬ ಅಂದಾಜಿದೆ. ಈ ಬಣ್ಣ ಕೊಲ್ಲಹೊರಟ ಚಿಪ್ಪುಜೀವಿಗಳೇ ಡಾಗ್‌ವೆಲ್ಕ್‌ನ ನಿತ್ಯದ ಊಟ ಎಂಬುದು ಬೇರೆ ಮಾತು.

ಬಣ್ಣ ಕೆಲಸ ಮಾಡಬೇಕಾದರೆ ವಿಷ ಸದಾ ಒಸರುತ್ತಿರಬೇಕು. ಅಮೆರಿಕ 1988ರಲ್ಲಿ ಕಾನೂನು ಮಾಡಿ ಈ ಒಸರಿಗೆ ಕಡಿವಾಣ ಹಾಕಿತು: ಚದರ ಸೆಂಟಿಮೀಟರಿಗೆ ದಿನಕ್ಕೆ 4 ಮೈಕ್ರೋಗ್ರಾಂ ಮೀರಕೂಡದು. ಚದರ ಸೆಂಟಿಮೀಟರ್ ಎಂದರೆ ಒಂದು ಉಗುರಿನಗಲ. ನಾಲ್ಕು ಮೈಕ್ರೋಗ್ರಾಂ ಎಂದರೆ 4 ಸಾವಿರ ನ್ಯಾನೋಗ್ರಾಂ. ಹಾಗಾದರೆ ಕಾನೂನಿಗೆ ತಲೆಬಾಗಿದ ಒಂದು ಉಗುರಿನಗಲ ಬಣ್ಣವೂ ದಿನಕ್ಕೆ 4 ಸಾವಿರ ಲೀಟರ್ ನೀರನ್ನು ಹುಳುವಿನ ಮಿತಿಗೆ ತಂದು ನಿಲ್ಲಿಸಬಲ್ಲದು. ಮೂರು ಉಗುರು ಸೇರಿದರೆ ಬೆಂಗಳೂರಿನ 12 ಸಾವಿರ ಲೀಟರಿನ ಟ್ಯಾಂಕರ್ ಖಲಾಸ್.

ಹಡಗಿಗಿರುವುದು ಮೂರು ಉಗುರಲ್ಲ. ಸಾಧಾರಣ ದೊಡ್ಡ ಸರಕು ಹಡಗಿನ ನೀರೊಳಗಿನ ಮೈ 10 ಸಾವಿರ ಚದರ ಮೀಟರ್ ಎಂದುಕೊಳ್ಳಿ, ಎರಡೂವರೆ ಎಕರೆಯಷ್ಟು. ಅಷ್ಟಗಲದಿಂದ ದಿನಕ್ಕೆ ಒಸರುವುದು 400 ಗ್ರಾಂ. ಕೇಳಲು ಏನೂ ಅಲ್ಲ, ಮದುವೆ ಮನೆಯಲ್ಲಿ ಅದಕ್ಕಿಂತ ಹೆಚ್ಚು ಏಲಕ್ಕಿ ಖರ್ಚಾಗುತ್ತದೆ. ನಮ್ಮ ಮಿತಿಯಲ್ಲಿ ಹಂಚಿದರೆ ಮಾತ್ರ ಆ 400 ಗ್ರಾಂ 14 ಟಿಎಂಸಿ ನೀರಿಗೆ ಸಾಲುತ್ತದೆ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು ಇಡೀ ವರ್ಷಕ್ಕೆ 4.75 ಟಿಎಂಸಿ. ಅದರ ಮೂರು ಪಟ್ಟಿನಷ್ಟು ನೀರಿಗೆ ಒಂದು ಹಡಗಿನ ಒಂದು ದಿನ ಸಾಕು. ಮೂರೂವರೆ ದಿನಕ್ಕೆ ತುಂಬಿದ ಕೃಷ್ಣರಾಜಸಾಗರ. ಹನ್ನೆರಡೂವರೆ ದಿನಕ್ಕೆ, ಅದೇ ತೀರ್ಪಿನಂತೆ ವರ್ಷವಿಡೀ ತಮಿಳುನಾಡಿಗೆ ಹರಿಯಬೇಕಾದ 177.25 ಟಿಎಂಸಿ. ಒಂದೇ ಹಡಗು, ಅದೂ ಕಾನೂನು ಮುರಿಯದ ಹಡಗು!

ಬಸವನಹುಳು ಮತ್ತು ಬಣ್ಣದ ವ್ಯವಹಾರ ಹಿಂದೆ ತಿರುವುಮುರುವಾಗಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ. ಡಾಗ್‌ವೆಲ್ಕ್‌ನ ಮೆಡಿಟರೇನಿಯನ್ ನೆಂಟರಾದ ಮ್ಯೂರೆಕ್ಸ್ ಹುಳುಗಳಿಂದ ರೋಮನ್ ಚಕ್ರವರ್ತಿಗಳು ನೇರಳೆ ಬಣ್ಣ ತೆಗೆಸುತ್ತಿದ್ದರು. 1909ರಲ್ಲಿ ಪೌಲ್ ಫ್ರೀಡ್‌ಲೆಂಡರ್ ಎಂಬ ರಸಾಯನ ವಿಜ್ಞಾನಿ ಅದೇ ಬಣ್ಣವನ್ನು ತಯಾರಿಸಿ ನೋಡಿದರು. 12 ಸಾವಿರ ಹುಳುಗಳನ್ನು ಬಲಿಕೊಟ್ಟಾಗ ಕೈಗೆ ಬಂದ ಬಣ್ಣ 1.4 ಗ್ರಾಂ. ಬಣ್ಣವೇ ಹುಳುಗಳ ಕಡೆ ಹರಿಯತೊಡಗಿದಾಗ ಅದೇ 1.4 ಗ್ರಾಂ ಟಿಬಿಟಿ 140 ಕೋಟಿ ಲೀಟರಿಗೆ ಸಾಕಾಯಿತು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಗುವ ಮೊದಲು ಬೆಂಗಳೂರಿಗೆ ಒಂದು ದಿನಕ್ಕೆ ಬರುತ್ತಿದ್ದ ಕಾವೇರಿ ನೀರು ಹೆಚ್ಚುಕಡಿಮೆ ಇಷ್ಟೇ.

ಹಾಗಾದರೆ ಸಾಗರವೇ ಕೆಟ್ಟುಹೋಗಬೇಕಿತ್ತಲ್ಲ? ಸಾಗರಗಳ ಒಟ್ಟು ನೀರು ಸುಮಾರು 133 ಕೋಟಿ ಘನ ಕಿಲೋಮೀಟರ್. ಅದನ್ನೆಲ್ಲ ಲೀಟರಿಗೆ 1 ನ್ಯಾನೋಗ್ರಾಂಗೆ ಏರಿಸಲು 13 ಲಕ್ಷ ಟನ್ ಟಿಬಿಟಿ ಬೇಕು. ಅಷ್ಟು ಯಾರ ಬಳಿಯೂ ಇರಲಿಲ್ಲ, ಪುಣ್ಯ. ಬಿಸಿಲು, ಬ್ಯಾಕ್ಟೀರಿಯಾಗಳು ಅದನ್ನು ದಿನಗಳಲ್ಲೋ ವಾರಗಳಲ್ಲೋ ಒಡೆದು ಹಾಕುವುದೂ ಉಂಟು. ತೊಂದರೆ ಏನೆಂದರೆ ಹಡಗುಗಳು ಸಾಗರದ ಮೇಲೆಲ್ಲ ಸಮನಾಗಿ ಹರಡಿಕೊಂಡು ನಿಲ್ಲುವುದಿಲ್ಲ. ನೀರು ಕದಲದ ಬಂದರಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿಯ ಕೆಸರಿನಲ್ಲಿ ಹೂತುಕೊಂಡ ಟಿಬಿಟಿಗೆ ಗಾಳಿಯ ಸೋಂಕಿಲ್ಲ, ಅದು ವರ್ಷಗಟ್ಟಲೆ, ದಶಕಗಟ್ಟಲೆ ಹಾಗೇ ಇರುತ್ತದೆ.

ಬೆಲೆ ತೆತ್ತವರಲ್ಲಿ ಹುಳುಗಳಷ್ಟೇ ಇರಲಿಲ್ಲ. ಫ್ರಾನ್ಸಿನ ಆರ್ಕಷಾನ್ ಕೊಲ್ಲಿ ಸಿಂಪಿ ಸಾಕಣೆಗೆ ಹೆಸರಾದದ್ದು. ವರ್ಷಕ್ಕೆ 10ರಿಂದ 15 ಸಾವಿರ ಟನ್ ಸಿಂಪಿ ಏಳುತ್ತಿದ್ದ ಜಾಗ. ವಿಹಾರದ ದೋಣಿಗಳು ಹೆಚ್ಚಿದಂತೆ ಚಿಪ್ಪುಗಳು ದಪ್ಪಗಾಗಿ ಚೆಂಡಿನಂತೆ ಊದಿಕೊಂಡವು, ಮರಿಗಳು ನಿಲ್ಲದೆ ಹೋದವು. 1981ರಲ್ಲಿ ಸಿಕ್ಕದ್ದು 3 ಸಾವಿರ ಟನ್. ದುಡ್ಡು ಹೋದಮೇಲೆ ಕಣ್ಣು ತೆರೆಯುವುದು ಎಲ್ಲ ದೇಶಗಳ ವಾಡಿಕೆ. ಮರುವರ್ಷವೇ ಫ್ರಾನ್ಸ್ 25 ಮೀಟರಿಗಿಂತ ಸಣ್ಣ ದೋಣಿಗಳಿಗೆ ಟಿಬಿಟಿ ನಿಷೇಧಿಸಿತು. ಬ್ರಿಟನ್ 1987ರಲ್ಲಿ ಅದೇ ಹಾದಿ ಹಿಡಿಯಿತು. ದೊಡ್ಡ ಹಡಗುಗಳನ್ನು ಈ ಎರಡೂ ನಿಷೇಧಗಳು ಮುಟ್ಟಲಿಲ್ಲ. ಅವುಗಳ ಗುರುತು ಬಂದರಿನಾಚೆಗೂ ಬಿದ್ದಿತ್ತು: ಉತ್ತರ ಸಮುದ್ರದ ನಡುನೀರಿನಲ್ಲಿ ಬಕ್ಕಿನಮ್ ಎಂಬ ದೊಡ್ಡ ವೆಲ್ಕ್‌ಗಳನ್ನು ಎತ್ತಿ ನೋಡಿದರೆ, ಹಡಗುಗಳ ಓಡಾಟ ದಟ್ಟವಾಗಿದ್ದ ಕಡೆಯೇ ಇಂಪೋಸೆಕ್ಸ್ ಹೆಚ್ಚು.

ಜಪಾನಿನಲ್ಲಿ ಬಂಡೆಹುಳುಗಳು ಇದನ್ನೇ ಹೇಳಿದವು, ಅಮೆರಿಕದಲ್ಲಿ ಕೆಸರುಹುಳುಗಳು. ಒಂದು ಜಾತಿಯಿಂದ ಶುರುವಾದ ಪಟ್ಟಿ ಈಗ 200 ದಾಟಿದೆ. ನಮ್ಮ ಪಶ್ಚಿಮ ಕರಾವಳಿಯೂ ಅದರಲ್ಲಿದೆ. ಕಾರವಾರದಿಂದ ನೂರು ಕಿಲೋಮೀಟರ್ ಆಚೆ, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರಲ್ಲಿ ಭಾರತದ ನೀರಿನಲ್ಲಿ ಇಂಪೋಸೆಕ್ಸ್ ಇರುವುದನ್ನು ವರದಿ ಮಾಡಿದರು. ಸಿಕ್ಕಿಬಿದ್ದ ಹುಳುವಿನ ವೈಜ್ಞಾನಿಕ ಹೆಸರು ಕ್ರೋನಿಯಾ ಕೊಂಕಣೆನ್ಸಿಸ್. ಅಪ್ಪಟ ಕೊಂಕಣದ್ದೇ.

ಈ ಹುಳುಗಳ ಕುಲದ ವಯಸ್ಸನ್ನೂ ಒಮ್ಮೆ ನೋಡಿಬಿಡಿ. ಬಸವನಹುಳುಗಳ ವರ್ಗ ಕಡಲಿನಲ್ಲಿ ಕಾಣಿಸಿಕೊಂಡು ಸುಮಾರು 50 ಕೋಟಿ ವರ್ಷ. ಆಗ ಮೀನುಗಳಿಗಿನ್ನೂ ದವಡೆ ಬಂದಿರಲಿಲ್ಲ. ಡೈನೊಸಾರ್‌ಗಳು ಬಂದವು, ಹೋದವು. ಇವು ತೆವಳುತ್ತಲೇ ಇದ್ದವು. ಆ 50 ಕೋಟಿ ವರ್ಷಗಳನ್ನು ಒಂದು ದಿನಕ್ಕೆ ಅಡಕಿಸಿದರೆ, 1960ರ ದಶಕದಿಂದ 2008ರವರೆಗಿನ ಟಿಬಿಟಿ ದರ್ಬಾರು ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಕಡಿಮೆ. ರೆಪ್ಪೆ ಬಡಿಯಲು ಹಿಡಿಯುವ ಹೊತ್ತಿನ ಹತ್ತನೇ ಒಂದು ಪಾಲೂ ಆಗಲಿಲ್ಲ, ಅಷ್ಟರಲ್ಲಿ 200 ಜಾತಿಗಳ ಹೆಣ್ಣುಗಳಿಗೆ ಶಿಶ್ನ ಮೂಡಿತ್ತು.

2008 ಏಕೆಂದರೆ, ಜಗತ್ತಿನ ಹಡಗುಗಳಿಗೆಲ್ಲ ಅನ್ವಯಿಸುವ ಒಪ್ಪಂದ 2001ರಲ್ಲಿ ರೂಪುಗೊಂಡು, ಹಡಗಿನ ಮೈಮೇಲೆ ಟಿಬಿಟಿ ಬಣ್ಣ ಇರಲೇಕೂಡದು ಎಂದು ಅದು ಕೊಟ್ಟ ಕೊನೆಯ ಗಡುವು 2008ರ ಜನವರಿ 1. ಆ ವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಂದ ಜಾರಿಗೆ ಬಂತು. ಬ್ಲೇಬರ್ ಬರೆದಿಟ್ಟು ಆಗ 38 ವರ್ಷ. ಯುರೋಪಿನ ಒಕ್ಕೂಟ ಇನ್ನೂ ಬಿಗಿಮಾಡಿ, ಕಡಲನೀರಿನಲ್ಲಿ ವರ್ಷದ ಸರಾಸರಿ ಲೀಟರಿಗೆ 0.2 ನ್ಯಾನೋಗ್ರಾಂ ಮೀರಬಾರದು ಎಂದಿತು. ಐದು ಲಕ್ಷ ಕೋಟಿಯಲ್ಲಿ ಒಂದು! ಒಂದು ಗ್ರಾಂ ಟಿಬಿಟಿ 2 ಸಾವಿರ ಒಲಿಂಪಿಕ್ ಈಜುಕೊಳಗಳನ್ನು ಈ ಮಿತಿಗೆ ಮುಟ್ಟಿಸುತ್ತದೆ. ಇಂಥ ಮಿತಿಯನ್ನು ಕಾಗದದ ಮೇಲೆ ಬರೆಯುವುದು ಸುಲಭ, ಪ್ರಯೋಗಾಲಯದಲ್ಲಿ ಅಳೆಯುವುದು ಪರಿಣತರಿಗೂ ತಲೆನೋವು. ಡಾಗ್‌ವೆಲ್ಕ್‌ಗೆ ತಲೆನೋವಿಲ್ಲ.

ಅಳೆದ ಹುಳುಗಳೇ ಫಲಿತಾಂಶವನ್ನೂ ಪ್ರಕಟಿಸಿದವು. ನಾರ್ವೆಯವರು 1991ರಿಂದ ತಮ್ಮ ಕರಾವಳಿಯ ಡಾಗ್‌ವೆಲ್ಕ್‌ಗಳನ್ನು ಪರೀಕ್ಷಿಸುತ್ತ ಬಂದಿದ್ದರು. 2017ರ ಪರೀಕ್ಷೆಯಲ್ಲಿ ಇಂಪೋಸೆಕ್ಸ್‌ನ ಗುರುತು ಸಿಗಲಿಲ್ಲ. ಆರು ಹಂತಗಳ ಪಟ್ಟಿಯಲ್ಲಿ ಸೊನ್ನೆ.

ಈ ಕೆಲಸಕ್ಕೆ ಬೇಕಾಗುವ ಸಾಮಾನು ಒಂದು ಸೂಕ್ಷ್ಮದರ್ಶಕ, ಚಿಪ್ಪು ಒಡೆಯಲು ಒಂದು ಇಕ್ಕಳ, ಮಿಲಿಮೀಟರ್ ಗೆರೆಗಳಿರುವ ಒಂದು ಪಟ್ಟಿ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 300 ಕಿಲೋಮೀಟರ್ ಕರಾವಳಿಯಿದೆ, ಬಂದರುಗಳಿವೆ, ಬಂಡೆಗಳಿವೆ, ಬಂಡೆಗಳ ಮೇಲೆ ಹುಳುಗಳಿವೆ. ಕರಾವಳಿಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ದು ಅಳೆದು, ಬಂದ ಅಂಕಿಯನ್ನು ಊರಿನವರಿಗೆ ಗೊತ್ತಾಗುವಂತೆ ಬರೆದು ಹಾಕಲಿ.